ಅಂಧಾರಬನದ ದಾರಿಯಿಂದ ದೇವಕುಂಡಕ್ಕೆ: ಜುಲೈನಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಹಾವೇರಿ ಹುಡುಗಿ, ವಾಕಡ್

ಎಲ್ಲರಿಗೂ ನಮಸ್ಕಾರ. ನಾನು ಪುಣೆಗೆ ಬಂದು ಒಂಬತ್ತು ತಿಂಗಳಾಯಿತು. ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಬಾಡಿಗೆ ಮನೆ. ಇಲ್ಲಿನ ಮಳೆಗಾಲ ನನಗೆ ಇದೇ ಮೊದಲು.

ಆಫೀಸಿನ ಒಂಬತ್ತು ಜನ ಸೇರಿ ಜುಲೈ ಎರಡನೇ ಶನಿವಾರ ಅಂಧಾರಬನ ಟ್ರೆಕ್ಕಿಗೆ ಹೋಗೋದು ಅಂತ ಗೊತ್ತು ಮಾಡಿದ್ದೇವೆ. ಬೆಳಗ್ಗೆ ಪಿಂಪರಿ ಅನ್ನೋ ಊರಿಂದ ನಡೆಯಲು ಶುರು ಮಾಡಿ, ಕುಂಡಲಿಕಾ ನದಿಯ ಕಣಿವೆಯ ಅಂಚಿನಲ್ಲೇ ಕಾಡಿನೊಳಗೆ ಸಾಗಿ, ಮಧ್ಯಾಹ್ನ ಭೀರಾಕ್ಕೆ ಇಳಿಯೋದು. ಅಲ್ಲಿಂದ ದೇವಕುಂಡ ಜಲಪಾತ ನೋಡಿಕೊಂಡು ರಾತ್ರಿ ಮನೆ. ಎಲ್ಲರೂ ಮೂವತ್ತರೊಳಗಿನವರು, ಅವರ ಚಿಂತೆ ನನಗಿಲ್ಲ.

ನನ್ನ ಚಿಂತೆ ಅಪ್ಪನದು. ಅವರಿಗೆ ಅರವತ್ತೆರಡು, ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು. ಅಮ್ಮ ಹೋಗಿ ಎರಡು ವರ್ಷ ಆಯಿತು. ಊರಲ್ಲಿ ಒಬ್ಬರೇ ಇದ್ದವರನ್ನು ಒತ್ತಾಯ ಮಾಡಿ ಇಲ್ಲಿಗೆ ಕರೆತಂದಿದ್ದೇನೆ. ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಕೂತು ಬೇಸತ್ತಿದ್ದಾರೆ. ಮೊನ್ನೆ ನಾವು ಫೋನಿನಲ್ಲಿ ಟ್ರೆಕ್ ಬಗ್ಗೆ ಮಾತಾಡೋದನ್ನು ಕೇಳಿಸಿಕೊಂಡು, "ನಾನೂ ಬರಲೇನು?" ಅಂದರು. ಅಮ್ಮ ಹೋದ ಮೇಲೆ ಅವರಾಗಿ ಏನನ್ನಾದರೂ ಬೇಕು ಅಂತ ಕೇಳಿದ್ದು ಇದೇ ಮೊದಲು. ಬೇಡ ಅನ್ನೋಕೆ ಬಾಯಿ ಬರಲಿಲ್ಲ.

ದಿನಾ ಬೆಳಗ್ಗೆ ಐದು ಕಿಲೋಮೀಟರ್ ನಡೀತಾರೆ. ಸಕ್ಕರೆ, ಬಿಪಿ ಏನೂ ಇಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಬಲಗಾಲಿನ ಮಂಡಿ ನೋಯುತ್ತದೆ. ಆ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅಷ್ಟು ದೂರ ಅವರಿಂದ ಆಗುತ್ತದಾ? ಮಧ್ಯೆ ಹಳ್ಳ ದಾಟಬೇಕಂತೆ, ಅದು ಎಷ್ಟು ಕಷ್ಟ? ದೇವಕುಂಡದಲ್ಲಿ ನೀರಿಗೆ ಇಳಿಯಬಹುದಾ?

ಬಾಣೇರ್ ಬುಲೆಟ್

ಹೋದ ವರ್ಷ ಆಗಸ್ಟಿನಲ್ಲಿ ನಾವು ಏಳು ಜನ ಹೋಗಿದ್ದೆವು. ಅಂಧಾರಬನ ಸ್ವರ್ಗ, ಅದರಲ್ಲಿ ಎರಡು ಮಾತಿಲ್ಲ. ಐದೂವರೆ ಗಂಟೆಯಲ್ಲಿ ಭೀರಾ ಮುಟ್ಟಿದೆವು. ಹಳ್ಳಗಳಲ್ಲಿ ಮೊಣಕಾಲವರೆಗೆ ನೀರಿತ್ತು, ಕೈ ಕೈ ಹಿಡಿದು ದಾಟಿದೆವು, ಏನೂ ಆಗಲಿಲ್ಲ. ದೇವಕುಂಡಕ್ಕೆ ಮಾತ್ರ ಬಿಡಲಿಲ್ಲ, ಪೊಲೀಸರು ಭೀರಾದಲ್ಲೇ ತಡೆದು ವಾಪಸ್ ಕಳಿಸಿದರು. ಬೇರೆ ಒಳದಾರಿ ಇದೆ ಅಂತ ಯಾರೋ ಹೇಳಿದರು, ಸಮಯ ಇರಲಿಲ್ಲ. ಅಪ್ಪ ದಿನಾ ಐದು ಕಿಲೋಮೀಟರ್ ನಡೀತಾರೆ ಅಂದರೆ ಆರಾಮಾಗಿ ಬರ್ತಾರೆ. ಒಳ್ಳೆ ಗ್ರಿಪ್ ಇರೋ ಶೂ ಕೊಡಿಸಿ, ಅಷ್ಟೇ.

ಕೋಥರೂಡ್ ಶರಾವತಿ

ಹಾವೇರಿ ತಂಗಿ, ನಿಮ್ಮ ಪ್ರಶ್ನೆಗೆ ಮೊದಲು ನೇರ ಉತ್ತರ ಕೊಡ್ತೀನಿ. ಜುಲೈನಲ್ಲಿ ಬೇಡ. ಅಂಧಾರಬನ, ದೇವಕುಂಡ ಎರಡನ್ನೂ ಒಂದೇ ದಿನ ಮಾಡೋದು ಯಾವ ತಿಂಗಳಲ್ಲೂ ಬೇಡ. ಅಪ್ಪನನ್ನು ಕರೆದುಕೊಂಡು ಹೋಗಿ, ಖಂಡಿತ ಹೋಗಿ. ಆದರೆ ಅಕ್ಟೋಬರಿನಲ್ಲಿ, ಅರ್ಧ ದಾರಿ ಮಾತ್ರ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಾನು ಸಾಗರದ ಕಡೆಯವಳು. ಮದುವೆಯಾಗಿ 1999ರಲ್ಲಿ ಕೋಥರೂಡಿಗೆ ಬಂದೆ. ಹೊಳೆ, ಹಳ್ಳ, ಅಬ್ಬಿ ನೋಡಿಕೊಂಡೇ ಬೆಳೆದವಳು. ಅಡಿಕೆ ತೋಟಕ್ಕೆ ಹೋಗಬೇಕಾದರೆ ಹಳ್ಳದ ಸಂಕ ದಾಟಿಯೇ ಹೋಗಬೇಕಿತ್ತು. ಇಲ್ಲಿನ ಹಳ್ಳ ನನಗೇನು ಲೆಕ್ಕ ಅಂದುಕೊಂಡಿದ್ದೆ. ಆದರೆ ನಮ್ಮ ಮಲೆನಾಡಿನ ಹಳ್ಳಕ್ಕೂ ಇಲ್ಲಿನ ಹಳ್ಳಕ್ಕೂ ಸ್ವಭಾವವೇ ಬೇರೆ. ನಮ್ಮ ಕಡೆ ಗುಡ್ಡದ ಮೇಲೆ ಆಳವಾದ ಮಣ್ಣು, ಅದರ ಮೇಲೆ ದರಗು, ಮಳೆ ಬಿದ್ದರೆ ಗುಡ್ಡ ಮೊದಲು ತಾನು ಕುಡಿಯುತ್ತದೆ, ಆಮೇಲೆ ಹಳ್ಳಕ್ಕೆ ಬಿಡುತ್ತದೆ. ಇಲ್ಲಿ ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಕರಿಕಲ್ಲು. ಘಾಟಿನ ನೆತ್ತಿಯಲ್ಲಿ ಎಷ್ಟೋ ಕಡೆ ಬರೀ ಬಂಡೆ, ಅದರ ಮೇಲೆ ಬೆರಳುದ್ದ ಮಣ್ಣು. ಮೇಲೆ ಬಿದ್ದ ಮಳೆ ಹೆಂಚಿನ ಮಾಡಿನಿಂದ ಇಳಿಯೋ ಹಾಗೆ ಒಮ್ಮೆಗೇ ಕೆಳಗೆ ಬರುತ್ತದೆ. ನೀವು ನಿಂತ ಜಾಗದಲ್ಲಿ ಹನಿ ಇಲ್ಲದಿದ್ದರೂ ಹಳ್ಳ ತುಂಬಬಹುದು. ಮಳೆ ಬಿದ್ದಿರೋದು ನಿಮ್ಮ ತಲೆಯ ಮೇಲಲ್ಲ, ನಿಮಗೆ ಕಾಣದ ಆ ನೆತ್ತಿಯ ಮೇಲೆ.

ಮಳೆಯ ಪ್ರಮಾಣವನ್ನೂ ಹೇಳಿಬಿಡ್ತೀನಿ, ಪುಣೆಯಲ್ಲಿ ಕೂತವರಿಗೆ ಅದು ಅಂದಾಜಿಗೆ ಸಿಗೋದಿಲ್ಲ. ಪುಣೆ ನಗರಕ್ಕೆ ಇಡೀ ವರ್ಷಕ್ಕೆ ಸರಾಸರಿ ಏಳುನೂರು ಚಿಲ್ಲರೆ ಮಿಲಿಮೀಟರ್ ಮಳೆ. ಅಂಧಾರಬನ ಇರೋ ತಾಮ್ಹಿಣಿ ಘಾಟಿನಲ್ಲಿ 2024ರ ಜುಲೈ 25ಕ್ಕೆ ಮುಗಿದ ಇಪ್ಪತ್ತನಾಲ್ಕು ಗಂಟೆಯಲ್ಲೇ 556 ಮಿಲಿಮೀಟರ್ ಬಿತ್ತು. ವಾಕಡ್‌ನಲ್ಲಿ ಛತ್ರಿ ಬಿಚ್ಚೋದೋ ಬೇಡವೋ ಅನ್ನೋ ಜಿಟಿಜಿಟಿ ಇರುವಾಗ ಅಲ್ಲಿ ಗುಡ್ಡವೇ ಕರಗಿ ಬರ್ತಿರುತ್ತದೆ.

ಈಗ ನನಗಾದದ್ದು. 2018ರ ಜುಲೈ. ದುಡ್ಡು ಕಟ್ಟಿ ಹೋಗುವ ಒಂದು ಗುಂಪಿನ ಜೊತೆ ನಾನು, ಹದಿಮೂರು ವರ್ಷದ ನನ್ನ ಮಗಳು ಹೋಗಿದ್ದೆವು. ಒಟ್ಟು ನಲವತ್ತಾರು ಜನ, ಕರೆದುಕೊಂಡು ಹೋಗೋಕೆ ಇಬ್ಬರು ಹುಡುಗರು. ಬಸ್ಸು ತಡ, ತಿಂಡಿ ತಡ, ಎಂಟಕ್ಕೆ ಶುರು ಆಗಬೇಕಿದ್ದ ನಡಿಗೆ ಹತ್ತೂಮುಕ್ಕಾಲಿಗೆ ಶುರುವಾಯಿತು. ಊರಿನ ಗೈಡ್ ಯಾರೂ ಇರಲಿಲ್ಲ.

ಮೊದಲ ಎರಡು ಹಳ್ಳ ಸುಲಭ. ಪಾದ ಮುಳುಗುವಷ್ಟು ನೀರು, ಮಕ್ಕಳು ಅದರಲ್ಲೇ ಫೋಟೊ ತೆಗೆಸಿಕೊಂಡರು. ಮೂರನೇದಕ್ಕೆ ಬರುವಾಗ ಮಳೆ ನಿಂತೇ ಹೋಗಿತ್ತು. ಹಳ್ಳ ಹದಿನೈದು ಅಡಿ ಅಗಲ ಇದ್ದಿರಬೇಕು. ನಾನು ಮುಂದಿನವರ ಜೊತೆ ದಾಟಿದೆ. ಮಗಳು ಅವಳ ಗೆಳತಿಯ ಜೊತೆ ಹಿಂದೆ ಇದ್ದಳು. ಈಚೆ ದಡಕ್ಕೆ ಬಂದು ಶೂ ಒಳಗೆ ಹೋಗಿದ್ದ ಕಲ್ಲು ತೆಗೆಯೋಣ ಅಂತ ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ನೀರಿನ ಬಣ್ಣ ಬದಲಾಗಿತ್ತು. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿ, ಅದರ ಮೇಲೆ ಒಣಗಿದ ಎಲೆ, ಪುರಲೆ, ನೊರೆ ತೇಲಿ ಬರ್ತಿತ್ತು. ಹಳ್ಳದ ತಳದಿಂದ ಗಡಗಡ ಅನ್ನೋ ಸದ್ದು. ಕಲ್ಲುಗಳು ಒಂದಕ್ಕೊಂದು ಬಡಿದುಕೊಂಡು ಉರುಳೋ ಸದ್ದು ಅದು. ಆ ಕ್ಷಣಕ್ಕೆ ಸರಿಯಾಗಿ ಮಗಳು ಆಚೆ ದಡದಲ್ಲಿ ನೀರಿಗೆ ಕಾಲಿಡೋಕೆ ಬಗ್ಗಿದ್ದಳು.

ಕೂಗಿದೆ. ಕೇಳಿಸಲಿಲ್ಲ. ಹದಿನೈದೇ ಅಡಿ, ಆದರೆ ನೀರಿನ ಮೊರೆತಕ್ಕೆ ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳನ್ನು ಹಿಂದಕ್ಕೆ ಎಳೆದವರು ಇದೇ ದಾರಿಯಲ್ಲಿ ಮುಂದೆ ಸಿಗುವ ಹಿರಡಿ ಊರಿನ ಒಬ್ಬ ಮನುಷ್ಯ. ತಲೆ ಮೇಲೆ ಅಕ್ಕಿ ಚೀಲ, ಅದರ ಮೇಲೆ ಪ್ಲಾಸ್ಟಿಕ್ಕಿನ ಕೊಪ್ಪೆ, ಪಿಂಪರಿಯಿಂದ ಮನೆಗೆ ಹೋಗ್ತಿದ್ದರು. "ಥಾಂಬಾ, ಥಾಂಬಾ" ಅಂತ ಎರಡೂ ಕೈ ಎತ್ತಿ ಎಲ್ಲರನ್ನೂ ಹತ್ತು ಮಾರು ಮೇಲಕ್ಕೆ ಹತ್ತಿಸಿ ಕೂರಿಸಿದರು. ಆಮೇಲೆ ನನಗೆ ಸನ್ನೆ ಮಾಡಿ ದಡದ ಒಂದು ಕಪ್ಪು ಬಂಡೆ ತೋರಿಸಿದರು. ಅದರ ಮೈಮೇಲೆ ಮುಷ್ಟಿಯಷ್ಟು ದೊಡ್ಡ ಬಿಳಿ ಮಚ್ಚೆ ಇತ್ತು. ಅದನ್ನೇ ನೋಡ್ತಾ ಇರು ಅಂತ ಬೆರಳಲ್ಲಿ ಹೇಳಿದರು.

ನೋಡ್ತಾ ಕೂತೆ. ಹತ್ತು ನಿಮಿಷದಲ್ಲಿ ಮಚ್ಚೆ ಮುಳುಗಿತು. ಮೊಣಕಾಲಿನ ಕೆಳಗಿದ್ದ ನೀರು ಸೊಂಟದ ಮೇಲಕ್ಕೆ ಬಂದಿರಬೇಕು. ಎರಡು ಗಂಟೆ ಹತ್ತು ನಿಮಿಷ ನಾನು ಈಚೆ, ಮಗಳು ಆಚೆ. ಆ ಮನುಷ್ಯ ತಮ್ಮ ಕೊಪ್ಪೆಯನ್ನು ಎರಡು ಹುಡುಗಿಯರಿಗೆ ಹೊದಿಸಿ ತಾವು ನೆನೆಯುತ್ತಾ ನಿಂತಿದ್ದರು. ಮಚ್ಚೆಯ ಮೇಲಿನ ಅಂಚು ಮತ್ತೆ ಕಂಡಾಗಲೂ ಬಿಡಲಿಲ್ಲ. ಪೂರ್ತಿ ಕಂಡು, ನೀರು ಮತ್ತೆ ತಿಳಿಯಾಗುವವರೆಗೆ ಕಾಯಿಸಿದರು. ಆಮೇಲೆ ಒಬ್ಬೊಬ್ಬರ ಮಣಿಕಟ್ಟು ಹಿಡಿದು ದಾಟಿಸಿದರು. ಬೆರಳು ಹಿಡಿದರೆ ಜಾರುತ್ತದೆ, ಮಣಿಕಟ್ಟು ಹಿಡೀಬೇಕು, ಇದು ಅವತ್ತು ಕಲಿತದ್ದು. ಭೀರಾಕ್ಕೆ ಇಳಿಯುವಾಗ ಕತ್ತಲಾಗಿತ್ತು. ಅಷ್ಟು ಜನಕ್ಕೆ ಮೂರು ಟಾರ್ಚು. ಬಂಡೆ ಬಂಡೆಯ ಮೇಲೆ ಕೂತು ಜಾರಿಕೊಂಡು ಇಳಿದೆವು.

ಆ ಬಿಳಿ ಮಚ್ಚೆ ಏನು ಅಂತ ಆಮೇಲೆ ಗೊತ್ತಾಯಿತು. ಲಾವಾ ತಣಿಯುವಾಗ ಒಳಗೆ ಉಳಿದ ಗಾಳಿಗುಳ್ಳೆಗಳಲ್ಲಿ ಬೆಳೆಯುವ ಹರಳು, ಜಿಯೊಲೈಟ್ ಅಂತಾರೆ. ಪುಣೆ ಸುತ್ತಿನ ಕರಿಕಲ್ಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಈಗ ಎಲ್ಲೇ ಕಂಡರೂ ಒಮ್ಮೆ ಮುಟ್ಟಿ ನೋಡ್ತೀನಿ.

ಬಾಣೇರಿನವರೇ, ನೀವು ಕೈ ಕೈ ಹಿಡಿದು ದಾಟಿದೆವು, ಏನೂ ಆಗಲಿಲ್ಲ ಅಂದಿರಿ. ನಿಮಗೆ ಏನೂ ಆಗದೆ ಇದ್ದದ್ದು ನನಗೆ ಸಂತೋಷವೇ. ಆದರೆ ಮೊಣಕಾಲವರೆಗೆ ಓಡುವ ನೀರು ಗಟ್ಟಿ ಆಳನ್ನೂ ಕೆಡವುತ್ತದೆ. ಸರಪಳಿಯಲ್ಲಿ ಒಬ್ಬ ಬಿದ್ದರೆ ಪಕ್ಕದ ಇಬ್ಬರನ್ನು ಎಳೆದುಕೊಂಡೇ ಬೀಳ್ತಾನೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂದಿನ ಝರಿಯಲ್ಲಿ ಒಂದೇ ಮನೆಯ ಐವರು ಕೊಚ್ಚಿಹೋದರು, ಅವರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಿಂತಿದ್ದರು. ಪುಣೆಯವರು, ರಜೆ ಕಳೆಯೋಕೆ ಹೋದವರು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ಮಾತು. ಇದು ಟ್ರೆಕ್ಕಿನವರು ಮಾಡಿದ ದಾರಿ ಅಲ್ಲ. ಘಾಟಿನ ಮೇಲಿನವರು ಕೊಂಕಣಕ್ಕೆ ಇಳಿದು ಹತ್ತಿ ಓಡಾಡಿದ ಹಳೇ ಕಾಲುದಾರಿ. ಸಹ್ಯಾದ್ರಿಯ ಉದ್ದಕ್ಕೂ ಇಂಥ ಘಾಟಿಗಳಿವೆ. ಜುನ್ನರ್ ಕಡೆಯ ನಾಣೇಘಾಟಿನಲ್ಲಿ ಸಾತವಾಹನರ ಕಾಲದ ಬ್ರಾಹ್ಮಿ ಶಾಸನವೇ ಇದೆ, ಸುಂಕದ ನಾಣ್ಯ ಹಾಕಿಸಿಕೊಳ್ಳುತ್ತಿದ್ದರು ಅನ್ನೋ ಕಲ್ಲಿನ ಹಂಡೆಯೂ ಇದೆ. ಹಿರಡಿಯ ಒಬ್ಬ ಅಜ್ಜಿ ನನಗೆ ಹೇಳಿದ್ದು ಇದು: ಅವರು ಮದುವೆಯಾಗಿ ಬಂದಾಗ ಆಷಾಢ ಹಿಡಿಯೋ ಮೊದಲೇ ಉಪ್ಪು, ಒಣಮೀನು, ಬೆಂಕಿಪೊಟ್ಟಣ ಎಲ್ಲ ಕೆಳಗಿನಿಂದ ತಂದು ಇಟ್ಟುಕೊಳ್ತಿದ್ದರಂತೆ. ಗಣಪತಿ ಹಬ್ಬದವರೆಗೆ ತುರ್ತು ಇಲ್ಲದೆ ಯಾರೂ ಇಳೀತಿರಲಿಲ್ಲವಂತೆ. ಆ ದಾರಿಯನ್ನು ತುಳಿದು ತುಳಿದು ಮಾಡಿದವರೇ ಜುಲೈನಲ್ಲಿ ಅದನ್ನು ಬಿಟ್ಟು ಕೂರ್ತಿದ್ದರು. ನಾವು ಮಾತ್ರ ಜುಲೈನಲ್ಲೇ ಹೋಗಬೇಕು ಅಂತೀವಿ.

ಈಗ ಅಪ್ಪನ ವಿಷಯ. ಪೂರ್ತಿ ದಾರಿ ಹದಿಮೂರು ಹದಿನಾಲ್ಕು ಕಿಲೋಮೀಟರ್. ಐದು ಕಿಲೋಮೀಟರ್ ನಡೆಯೋರಿಗೆ ದೂರ ದೊಡ್ಡದಲ್ಲ. ಇಳಿಜಾರು ದೊಡ್ಡದು. ಹಿರಡಿಯ ಆಚೆ ದಾರಿ ಐನೂರು ಮೀಟರಿನ ಹತ್ತಿರ ಒಂದೇ ಸಮ ಕೆಳಗೆ ಬೀಳುತ್ತದೆ, ಎಲ್ಲ ಉರುಳುಗಲ್ಲು. ಮೆಟ್ಟಿಲು ಇಳಿಯುವಾಗಲೇ ನೋಯುವ ಮಂಡಿಗೆ ಅದು ಎರಡೂವರೆ ಗಂಟೆಯ ಶಿಕ್ಷೆ. ಮಧ್ಯೆ ಆಗೋದಿಲ್ಲ ಅಂದರೆ ಗಾಡಿ ಬರೋ ಜಾಗ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಹೊತ್ತುಕೊಂಡೇ ಇಳಿಸಬೇಕು.

ಆದರೆ ಮೊದಲ ಅರ್ಧ ಹೆಚ್ಚುಕಡಿಮೆ ಸಮತಟ್ಟು. ಪಿಂಪರಿಯ ಸಣ್ಣ ಕಟ್ಟೆ ದಾಟಿದ ಮೇಲೆ ದಾರಿ ಕಾಡು ಹೊಗುತ್ತದೆ. ಅಂಧಾರ ಅಂದರೆ ಕತ್ತಲು, ಬನ ಅಂದರೆ ನಮ್ಮ ನಾಗಬನದ ಬನವೇ. ಬೆಳಗ್ಗೆ ಹನ್ನೊಂದಕ್ಕೂ ಒಳಗೆ ಮುಸ್ಸಂಜೆಯ ಬೆಳಕು. ಅಂಜನ, ನೇರಳೆ, ಅಳಲೆ ಮರಗಳು, ಕಾಂಡದ ತುಂಬ ಪಾಚಿ. ಅದೃಷ್ಟ ಇದ್ದರೆ ಕೆಂದಳಿಲು ಕಾಣುತ್ತದೆ, ಇಲ್ಲಿ ಶೇಕರು ಅಂತಾರೆ, ಮಹಾರಾಷ್ಟ್ರದ ರಾಜ್ಯಪ್ರಾಣಿ ಅದೇ. ನಮ್ಮೂರಿನ ಹಾಗೆ ಉಂಬಳದ ಕಾಟ ನಾನಂತೂ ಕಂಡಿಲ್ಲ. ಎರಡು ಗಂಟೆ ನಡೆದರೆ ಮರಗಳು ಸರಿದು ಕುಂಡಲಿಕಾ ಕಣಿವೆ ಪೂರ್ತಿ ತೆರೆದುಕೊಳ್ಳುತ್ತದೆ. ಎದುರಿನ ಗೋಡೆಯ ಮೇಲೆ ಬಿಳಿ ನೂಲಿನ ಹಾಗೆ ಝರಿಗಳು, ಕೆಳಗೆ ದೂರದಲ್ಲಿ ಭೀರಾದ ನೀರು. ಅಲ್ಲಿ ಕೂತು ಬುತ್ತಿ ಬಿಚ್ಚಿ, ಉಂಡು, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಅಪ್ಪನಿಗೆ ಅದು ಸಾಕು. ನಿಜ ಹೇಳಬೇಕೆಂದರೆ ನನಗೂ ಅದೇ ಸಾಕು, ಈಚಿನ ನಾಲ್ಕು ಸಲವೂ ನಾನು ಅಲ್ಲಿಂದಲೇ ತಿರುಗಿದ್ದೀನಿ.

ಅಕ್ಟೋಬರ್ ಮೊದಲ ಎರಡು ವಾರ ಹೋಗಿ. ಹಳ್ಳದಲ್ಲಿ ಪಾದದ ಮಟ್ಟದ ತಿಳಿನೀರು ಇರುತ್ತದೆ, ಎದುರಿನ ಝರಿಗಳು ಇನ್ನೂ ಬತ್ತಿರೋದಿಲ್ಲ. ಆಗಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋದುಂಟು, ಅದಕ್ಕೇ ವಾಕಡ್ ಐದಕ್ಕೆ ಬಿಡಿ, ಎಂಟಕ್ಕೆ ನಡಿಗೆ ಶುರು ಮಾಡಿ, ಎಲ್ಲೇ ಇದ್ದರೂ ಹನ್ನೊಂದೂವರೆಗೆ ತಿರುಗಿ. ಜಾಗ ತಾಮ್ಹಿಣಿ ಅಭಯಾರಣ್ಯದೊಳಗೆ ಬರುತ್ತದೆ, ಅರಣ್ಯ ಇಲಾಖೆಗೆ ಶುಲ್ಕ ಕಟ್ಟಬೇಕು. ಮಳೆ ಜೋರಾದಾಗ ಅವರು ದಾರಿ ಮುಚ್ಚುತ್ತಾರೆ, ಹೊರಡುವ ಹಿಂದಿನ ದಿನ ಕೇಳಿಕೊಳ್ಳಿ. ಮತ್ತೆ, ಊರಿನ ಗೈಡ್ ಇಲ್ಲದೆ ಹೋಗಬೇಡಿ. ಪಿಂಪರಿಯಲ್ಲಿ ಯಾರದಾದರೂ ಮನೆ ಬಾಗಿಲಲ್ಲಿ ನಿಂತು "ಮಾಮಾ, ಬರ್ತೀರಾ?" ಅಂತ ಕೇಳಿದರೆ ಸಾಕು, ಒಬ್ಬರು ಸಿಗ್ತಾರೆ. ಕೇಳಿದ ಹಣ ಕೊಡಿ, ಚೌಕಾಸಿ ಬೇಡ.

ಭೀಮಾತೀರದಾಂವ, ಚಿಂಚವಡ

ಅಕ್ಕಾರು ಹೇಳಿದ್ದು ಅಗದೀ ಖರೇ ಅದರಿ. ನಾ ಒಂದೆರಡು ಮಾತು ಕೂಡಸ್ತೀನಿ.

ಮೊದಲನೇದು, ನಕಾಶದಾಗ ಬರೇ ಪಿಂಪರಿ ಅಂತ ಹಾಕಬ್ಯಾಡ್ರಿ. ಹಾಕಿದ್ರ ನಮ್ಮ ಕಾರ್ಖಾನಿ ಪಿಂಪರಿಗೆ ತಂದು ನಿಲ್ಲಸ್ತದ. ನೀವು ಹೋಗೂದು ಮುಳಶಿ ತಾಲೂಕಿನ ಪಿಂಪರಿ. ಚಾಂದಣಿ ಚೌಕ, ಪಿರಂಗುಟ, ಪೌಡ, ಆಮ್ಯಾಲ ಮುಳಶಿ ಕೆರಿ ದಂಡಿ ಹಿಡಿದು ಹೋಗಬೇಕು. ಪೂರ್ತಿ ಇಳಿಯೋರು ಇದ್ರ ಇನ್ನೊಂದು ತ್ರಾಸ ಅದ. ಗಾಡಿ ಪಿಂಪರಿಯೊಳಗ ಉಳೀತದ, ನೀವು ಭೀರಾದಾಗ ಇರ್ತೀರಿ. ಅದು ಪುಣೆ ಜಿಲ್ಲಾ, ಇದು ರಾಯಗಡ. ಡ್ರೈವರ್ ತಾಮ್ಹಿಣಿ ಘಾಟ ಇಳಿದು ಸುತ್ತು ಹಾಕಿ ಬರಬೇಕು, ಇಲ್ಲಂದ್ರ ಸಂಜೀಕ ಭೀರಾದಾಗ ಗಾಡಿ ಹುಡುಕ್ಕೋತ ನಿಂದರಬೇಕು. ಅರ್ಧಾ ಹೋಗಿ ತಿರುಗಿದ್ರ ಈ ತಾಪತ್ರಯನ ಇಲ್ಲ.

ಎರಡನೇದು, ನಿಮ್ಮ ಅಪ್ಪಾರು ಮಾಸ್ತರು ಅಂದ್ರಿ, ಅದಕ್ಕ ಹೇಳಬೇಕಂತ ಅನಿಸ್ತು. ನಾ ಇಂಡಿ ಕಡೆಯಾಂವ. ಧೂಳಖೇಡ ಪೂಲಿನ ಕೆಳಗ ಭೀಮಾ ಬತ್ತೂದು ನೋಡಿ ಬೆಳದೀನಿ. ಆ ಘಾಟಿನ ದಿಬ್ಬದ ಮ್ಯಾಲ ನಿಂತ್ರ ಎಡಕಿನ ಹನಿ ಒಂದು ಸಮುದ್ರಕ್ಕ, ಬಲಕಿನ ಹನಿ ಇನ್ನೊಂದು ಸಮುದ್ರಕ್ಕ ಹೋಗತದ. ಪಡುವಣಕ್ಕ ಬಿದ್ದದ್ದು ಕುಂಡಲಿಕಾ ಹಿಡಿದು ರೇವದಂಡಾದಾಗ ಅರಬ್ಬೀ ಸಮುದ್ರ ಸೇರತದ. ಮೂಡಣಕ್ಕ ಬಿದ್ದದ್ದು ಮುಳಾ ನದಿ, ಪುಣೆಯ ಸಂಗಮದಾಗ ಮುಠಾ ಕೂಡಿ, ಮುಂದ ಭೀಮಾ ಸೇರಿ, ಉಜನಿ ಡ್ಯಾಮ್ ದಾಟಿ ನಮ್ಮ ಧೂಳಖೇಡ, ಗಾಣಗಾಪುರ ಹಾದು, ರಾಯಚೂರು ಕಡೆ ಕೃಷ್ಣಾಕ್ಕ ಬೀಳತದ. ಆದ್ರ ಮುಳಶಿ ಕೆರಿಗೆ ಬಂದ ನೀರು ಬಹಳಷ್ಟು ನಮಗ ಬರೂದಿಲ್ಲ. ಟಾಟಾದವ್ರು ಡ್ಯಾಮ್ ಕಟ್ಟಿ, ಗುಡ್ಡ ಕೊರದು, ಆ ನೀರು ಘಾಟಿನ ಕೆಳಗ ಭೀರಾಕ್ಕ ಬೀಳಿಸಿ ಕರೆಂಟ್ ಮಾಡ್ತಾರ. 1927ರಿಂದ ಅದು ನಡದದ. ಆ ಡ್ಯಾಮಿಗೆ ಹೊಲಾ ಮನಿ ಮುಳಗಿದ ರೈತರು 1921ರಾಗ ಸತ್ಯಾಗ್ರಹ ಮಾಡಿದ್ರು, ಸೇನಾಪತಿ ಬಾಪಟರು ಮುಂದ ನಿಂತಿದ್ರು. ಕೆಳಗ ಕೋಲಾಡದಾಗ ಮಂದಿ ರಾಫ್ಟಿಂಗ್ ಮಾಡೂದು ಭೀರಾದಿಂದ ಮುಂಜಾನೆ ಬಿಡೂ ಆ ನೀರಿನಾಗನ.

ಆ ಬಯಲಿನಾಗ ಬುತ್ತಿ ಬಿಚ್ಚಿದಾಗ ಅಪ್ಪಾರಿಗೆ ಇದನ್ನ ತೋರಸ್ರಿ. ನಾ ಅಲ್ಲಿ ಕುಂತಾಗ ನಮ್ಮವ್ವನ ನೆನಪಾತು. ಬ್ಯಾಸಿಗಿ ದಿನ ಭೀಮಾದ ಉಸುಕಿನಾಗ ವರತಿ ತೋಡಿ, ಬಟ್ಟಲಲೆ ಗೋರಿ ಗೋರಿ ಕೊಡಾ ತುಂಬತಿದ್ಲು.

ಹಾವೇರಿ ಹುಡುಗಿ, ವಾಕಡ್

ಇಬ್ಬರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ಗೊತ್ತಾಗ್ತಿಲ್ಲ. ಅಕ್ಕಾ, ನಿಮ್ಮ ಬರಹವನ್ನು ಟೀಮಿನ ಗ್ರೂಪಿಗೆ ಹಾಕಿದೆ. ಐದು ಜನ ಆಗಲೇ ಹಿಂದೆ ಸರಿದರು. ನಾಲ್ಕು ಜನ ಕಣಿವೆ ಬಿಟ್ಟು ನೇರ ದೇವಕುಂಡಕ್ಕೆ ಮಾತ್ರ ಹೋಗ್ತೀವಿ ಅಂತಿದ್ದಾರೆ. ಅದರಲ್ಲಿ ಇಬ್ಬರು ಚೆನ್ನಾಗಿ ಈಜ್ತಾರೆ. ಪೊಲೀಸರು ತಡೆದರೆ ಆ ಒಳದಾರಿ ಹಿಡೀತೀವಿ ಅನ್ನೋ ಮಾತೂ ಬಂತು. ಅವರಿಗೆ ಏನು ಹೇಳಲಿ?

ಕೋಥರೂಡ್ ಶರಾವತಿ

ಬೇಡ ಅಂತ ಹೇಳಿ. ಅವರು ಬೇಜಾರಾದರೂ ಪರವಾಗಿಲ್ಲ.

ದೇವಕುಂಡದಲ್ಲಿ ಮುಳುಗಿದವರಲ್ಲಿ ಈಜು ಬರುವವರೂ ಇದ್ದಾರೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗೋದನ್ನು ರಾಯಗಡ ಜಿಲ್ಲಾಡಳಿತ ನಿಷೇಧಿಸೋಕೆ ಶುರು ಮಾಡಿದ್ದೇ ಸಾವುಗಳಾದ ಮೇಲೆ. ಕೆರೆಯಲ್ಲಿ ಕಲಿತ ಈಜು ಆ ಮಡುವಿನಲ್ಲಿ ಯಾಕೆ ಕೆಲಸಕ್ಕೆ ಬರೋದಿಲ್ಲ ಅಂತ ಅವರಿಗೆ ಬಿಡಿಸಿ ಹೇಳಿ. ಮೇಲಿನಿಂದ ಬೀಳುವ ನೀರು ಗಾಳಿಯನ್ನು ಎಳೆದುಕೊಂಡು ಬರುತ್ತದೆ, ಮಡುವಿನ ನಡುವೆ ಇರೋದು ಅರ್ಧ ನೀರು, ಅರ್ಧ ನೊರೆ. ನೊರೆ ಮೈಯನ್ನು ಹೊರೋದಿಲ್ಲ, ಕೈ ಬೀಸಿದರೂ ಹಿಡಿತ ಸಿಗೋದಿಲ್ಲ. ಬಿದ್ದ ನೀರು ಮೊದಲು ತಳಕ್ಕೆ ಹೋಗಿ, ಆಮೇಲೆ ಮೇಲೆದ್ದು, ಮೇಲ್ಮೈಯಲ್ಲಿ ಮತ್ತೆ ಜಲಪಾತದ ಕಡೆಗೇ ಎಳೆಯುತ್ತದೆ. ಗಟ್ಟಿ ಕಲ್ಲಿನ ಪದರದ ಕೆಳಗಿನ ಮೆತ್ತನೆ ಪದರವನ್ನು ನೀರು ಕೊರೆದು ಕೊರೆದು ಗೂಡು ಮಾಡಿರುತ್ತದೆ. ಆಳು ಅದರ ಅಡಿಗೆ ಸಿಕ್ಕರೆ ಮೇಲೆ ಬರೋಕೆ ದಾರಿಯಿಲ್ಲ. ಇದರ ಜೊತೆ ಮಳೆಗಾಲದಲ್ಲಿ ನೀರಿನ ಸಂಗಡ ಕಲ್ಲೂ ಉದುರುತ್ತವೆ.

ಒಳದಾರಿ ಅನ್ನೋದಂತೂ ಕೇಳಲೇಬೇಡಿ. ಭೀರಾದಿಂದ ದೇವಕುಂಡಕ್ಕೆ ಹೋಗುವ ಒಳ್ಳೆಯ ದಾರಿಯೇ ಎರಡು ಎರಡೂವರೆ ಗಂಟೆಯದು, ಅದರಲ್ಲೂ ಹಳ್ಳ ದಾಟಬೇಕು. ತಡೆದವರ ಕಣ್ಣು ತಪ್ಪಿಸಿ ಒಳಗೆ ಹೋದವರು ಸಿಕ್ಕಿಬಿದ್ದರೆ ಅವರು ಒಳಗಿದ್ದಾರೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಹುಡುಕ್ತಾ ಹೋಗೋರು ಕೊನೆಗೆ ಅದೇ ಹಳ್ಳಿಯ ಗಂಡಸರು, ರಾತ್ರಿಯಲ್ಲಿ, ತಮ್ಮ ಜೀವ ಒತ್ತೆ ಇಟ್ಟು.

ಜಲಪಾತ ನೋಡಲೇಬೇಕು ಅನ್ನೋರು ನವೆಂಬರ್, ಡಿಸೆಂಬರಿನಲ್ಲಿ ಹೋಗಲಿ. ನಾನು ಡಿಸೆಂಬರ್ ಮೊದಲ ವಾರ ಹೋಗಿದ್ದೆ. ಅಷ್ಟು ಹೊತ್ತಿಗೆ ನೀರು ಒಂದೇ ಎಳೆಯಾಗಿ ಬೀಳ್ತಿರುತ್ತದೆ, ಮಡು ಹಸಿರು ಬಣ್ಣಕ್ಕೆ ತಿರುಗಿರುತ್ತದೆ, ದಡದ ಕಲ್ಲಿನ ಮೇಲೆ ಕೂತು ಗಂಟೆಗಟ್ಟಲೆ ನೋಡಬಹುದು. ಆಗಲೂ ಹಗ್ಗ ಕಟ್ಟಿದ ಗಡಿ ದಾಟಬೇಡಿ.

ಈ ಜುಲೈನಲ್ಲಿ ಅಪ್ಪನಿಗೆ ಮಳೆ ತೋರಿಸಬೇಕಾ? ಒಂದು ವಾರದ ದಿನ, ಶನಿವಾರ ಭಾನುವಾರ ಅಲ್ಲ, ಬೆಳಗ್ಗೆ ಬೇಗ ಮುಳಶಿ ಕೆರೆಯ ದಂಡೆವರೆಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ. ಭತ್ತದ ನಾಟಿ ನಡೀತಿರುತ್ತದೆ. ರಸ್ತೆಬದಿಯ ಗುಡಿಸಲಲ್ಲಿ ಬಿಸಿ ಭಾಕರಿ, ಪಿಠಲೆ ಸಿಗುತ್ತದೆ, ನಮ್ಮ ಝುಣಕದ ತಂಗಿ ಅದು. ಹಾವೇರಿಯವರ ಬಾಯಿಗೆ ಹಿಡಿಸುತ್ತದೆ. ಗದ್ದೆ ಬದುವಿನ ಮೇಲೆ ಒಂದರ್ಧ ಗಂಟೆ ಛತ್ರಿ ಹಿಡಿದು ನಡೆದಾಡಲಿ.

ಬಾಣೇರ್ ಬುಲೆಟ್

ಮೇಡಂ, ಓದಿದೆ. ನಾವು ದಾಟಿದ ಒಂದು ಹಳ್ಳದಲ್ಲೂ ಮಧ್ಯದಲ್ಲಿ ಇದ್ದಕ್ಕಿದ್ದ ಹಾಗೆ ಎಲೆ, ಕಡ್ಡಿ ತೇಲಿ ಬಂದಿತ್ತು. ಗಾಳಿಗೆ ಉದುರಿದ್ದು ಅಂದುಕೊಂಡಿದ್ದೆವು. ಒಳದಾರಿಯ ಮಾತು ನಾನು ಬರೆಯಬಾರದಿತ್ತು, ತಪ್ಪಾಯಿತು. ಆ ನಾಲ್ಕು ಜನಕ್ಕೆ ನಾನೂ ಇದನ್ನೇ ಹೇಳ್ತೀನಿ.

ಹಾವೇರಿ ಹುಡುಗಿ, ವಾಕಡ್

ನಾಲ್ಕು ಜನರೂ ಒಪ್ಪಿದರು, ಡಿಸೆಂಬರಿಗೆ ಮುಂದೂಡಿದ್ದಾರೆ.

ಅಪ್ಪನಿಗೆ ರಾತ್ರಿ ಎಲ್ಲವನ್ನೂ ಓದಿ ಹೇಳಿದೆ. ಬಿಳಿ ಮಚ್ಚೆಯ ಭಾಗವನ್ನು ಎರಡು ಸಲ ಓದಿಸಿಕೊಂಡರು. ಭೀಮಾತೀರದ ಅಣ್ಣ ಬರೆದದ್ದು ಕೇಳಿದ ಮೇಲೆ ಎದ್ದು ಹೋಗಿ ನನ್ನ ಪ್ರಿಂಟರಿನ ಒಂದು ಹಾಳೆ ತೆಗೆದುಕೊಂಡು, ಧೂಳಖೇಡ, ಗಾಣಗಾಪುರ ಎಲ್ಲ ಹಾಕಿ ನದಿಯ ನಕ್ಷೆ ಬರೆದರು. ಕ್ಲಾಸಿನಲ್ಲಿ ಬರೀತಿದ್ದ ಹಾಗೆ, ನದಿಗೆ ನೀಲಿ ಪೆನ್ನು, ಗುಡ್ಡಕ್ಕೆ ಕಪ್ಪು. ಈಗ ಅದು ಫ್ರಿಜ್ಜಿನ ಬಾಗಿಲ ಮೇಲಿದೆ. ಮುಂದಿನ ತಿಂಗಳು ಊರಿಗೆ ಹೋಗಿ ಅಕ್ಟೋಬರಿಗೆ ಮತ್ತೆ ಬರ್ತಾರಂತೆ, ಈ ಸಲ ನಾನು ಒತ್ತಾಯ ಮಾಡದೆಯೇ.

ಒಂದೇ ಪ್ರಶ್ನೆ ಉಳೀತು ಅಕ್ಕಾ. ಗೈಡ್ ಮಾಮಾ ಅವರಿಗೆ ಹಣದ ಜೊತೆ ಊರಿಂದ ಏನಾದರೂ ಒಯ್ಯಬೇಕು ಅಂತ ಅಪ್ಪನ ಆಸೆ. ಬ್ಯಾಡಗಿ ಮೆಣಸಿನಕಾಯಿ ತರಲೇ ಅಂತ ಕೇಳ್ತಿದ್ದಾರೆ. ಅಲ್ಲಿನವರು ಬಳಸ್ತಾರಾ?

ಕೋಥರೂಡ್ ಶರಾವತಿ

ಬಳಸ್ತಾರೆ, ಬೇಡಗಿ ಮಿರ್ಚಿ ಅಂತಲೇ ಕರೀತಾರೆ. ಎರಡು ಕಿಲೋ ತರಲಿ. ಒಂದು ಪಿಂಪರಿಯ ಮಾಮಾ ಅವರಿಗೆ. ಇನ್ನೊಂದನ್ನು ನನಗಾಗಿ ಹಿರಡಿಗೆ ಕಳಿಸಿಕೊಡಿ, ಅವರ ಕೈಯಲ್ಲೇ ಕೊಟ್ಟರೆ ತಲುಪಿಸ್ತಾರೆ. ಯಾರ ಮನೆಗೆ ಅಂತ ನಾನು ಹೇಳ್ತೀನಿ.